ಬೆರಳ ಸಂದಿ

ಪೆಟ್ಟಿಗೆಯೊಳಗಿನ ಇಲಿಗೆ ಹಸಿವಿರಲಿಲ್ಲ, ನೀರಡಿಕೆ ಇರಲಿಲ್ಲ, ನೋವೂ ಇರಲಿಲ್ಲ. ಆದರೂ ಅದು ಗುಂಡಿಯನ್ನು ಒತ್ತುತ್ತಲೇ ಇತ್ತು.

ಗಾಜಿನ ಆ ಪೆಟ್ಟಿಗೆಯ ಒಂದು ಗೋಡೆಯಲ್ಲಿ ಎರಡು ಗುಂಡಿಗಳಿದ್ದವು. ಎಡಗಡೆಯದನ್ನು ಒತ್ತಿದರೆ ಏನೂ ಆಗದು. ಮೇಲಿನ ಹಸಿರು ದೀಪ ಹೊತ್ತಿದ್ದಾಗ ಬಲಗಡೆಯದನ್ನು ಒತ್ತಿದರೆ ಇಲಿಯ ಕುತ್ತಿಗೆಯ ರಕ್ತನಾಳಕ್ಕೆ ಜೋಡಿಸಿದ ಕೂದಲೆಳೆಯಂಥ ಕೊಳವೆಯಲ್ಲಿ ಬಿಳಿಯ ದ್ರವದ ಒಂದು ಹನಿ ಇಳಿಯುತ್ತದೆ. ಆ ದ್ರವದ ಹೆಸರು ಪ್ರೊಪೊಫಾಲ್. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ಎಚ್ಚರವನ್ನು ಕ್ಷಣಾರ್ಧದಲ್ಲಿ ಆರಿಸುವ ಔಷಧ ಅದು. ನೋಡಲು ಹಾಲಿನಂತಿರುವುದರಿಂದ ಆಪರೇಷನ್ ಥಿಯೇಟರಿನವರು ಅದನ್ನು ಹಾಲು ಎಂದೇ ಕರೆಯುತ್ತಾರೆ. ಹನಿ ಇಳಿದೊಡನೆ ಇಲಿಯ ಕಣ್ಣು ಅರೆಮುಚ್ಚುತ್ತಿತ್ತು. ತೆರೆದೊಡನೆ ಅದು ಮತ್ತೆ ಗುಂಡಿಯ ಬಳಿ ನಡೆಯುತ್ತಿತ್ತು.

ತನ್ನನ್ನೇ ಅಳಿಸಿಹಾಕುವ ವಸ್ತುವನ್ನು ಒಂದು ಜೀವ ಬೇಡುವುದೇಕೆ? ಉತ್ತರ ಮಿದುಳಿನ ಆಳದಲ್ಲಿತ್ತು. ಅಲ್ಲಿ ಸುಖದ ಸುದ್ದಿಯನ್ನು ಒಯ್ಯುವ ಡೋಪಮೈನ್ ಎಂಬ ರಾಸಾಯನಿಕ, ಅದನ್ನು ಬರಮಾಡಿಕೊಳ್ಳಲು ಕೋಶಗಳ ಮೇಲೆ ಗ್ರಾಹಿಗಳೆಂಬ ಪುಟ್ಟ ಬಾಗಿಲುಗಳು. ಅರಿವಳಿಕೆಯ ಹನಿ ಬಿದ್ದಾಗಲೆಲ್ಲ ಆ ಬಾಗಿಲುಗಳಲ್ಲಿ ನೂಕುನುಗ್ಗಲು. ದಿನ ಕಳೆದಂತೆ ಬಾಗಿಲುಗಳ ಆಕಾರವೇ ಬದಲಾಗುತ್ತಿತ್ತು.

ಆಕಾರ ಬದಲಾದ ಆ ಬಾಗಿಲುಗಳಿಗೆ ಮಾತ್ರ ಒಂದು ಅಗುಳಿ ಜಡಿದುಬಿಟ್ಟರೆ?

ಧಾರವಾಡದ ಮಿದುಳು ಸಂಶೋಧನಾ ಕೇಂದ್ರದಲ್ಲಿ ಡಾ. ನೀಲಗಂಗಾ ಮುಳಗುಂದ ತನ್ನ ಯೌವನವನ್ನು ಈ ಒಂದು ಪ್ರಶ್ನೆಗೆ ಕೊಟ್ಟಿದ್ದಳು. ಅವಳು ಕಟ್ಟಿದ ಅಣು ವಿಕಾರಗೊಂಡ ಗ್ರಾಹಿಗಳನ್ನಷ್ಟೇ ಹುಡುಕಿ ಹೋಗಿ ಕೂರುತ್ತಿತ್ತು, ಕೂತದ್ದು ಏಳುತ್ತಿರಲಿಲ್ಲ. ಬೀಗದೊಳಗೆ ಮುರಿದುಳಿದ ಕೀಲಿಯ ಹಾಗೆ. ಕಾಗದಪತ್ರಗಳಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಪ್ರಯೋಗಾಲಯದಲ್ಲಿ ಅದು ಬರಿಯ ಅಗುಳಿ.

"ಬೀಗರು ಸಿಟ್ಟಾಗಿ ಕುಂತಾರ್ರಿ ಮೇಡಂ," ಎಂದ ಪ್ರಾಣಿಗೃಹದ ತಂತ್ರಜ್ಞ ಅನ್ವರ್. ಇಲಿಗಳನ್ನು ಅವನು ಬೀಗರೆಂದೇ ಕರೆಯುತ್ತಿದ್ದ. ಹೊತ್ತುಹೊತ್ತಿಗೆ ಉಪಚಾರ ಆಗಬೇಕು, ಕಚ್ಚಿದರೂ ತುಟಿ ಪಿಟಕ್ಕೆನ್ನುವಂತಿಲ್ಲ ಎಂಬುದು ಅವನ ವಿವರಣೆ. "ಅಗುಳಿ ಸೂಜಿ ಕೊಟ್ಟಾಗಿಂದ ಒಬ್ರೂ ಗುಂಡಿ ಮುಟ್ಟಿಲ್ಲ."

"ಸಿಟ್ಟಲ್ಲೋ ಅನ್ವರ್, ಅದಕ್ಕ ವೈರಾಗ್ಯ ಅಂತಾರ," ಎಂದರು ಕೇಂದ್ರದ ನಿರ್ದೇಶಕ ಡಾ. ಪ್ರಾಣೇಶ ದೇಶಪಾಂಡೆ. "ದೊಡ್ಡ ದೊಡ್ಡ ಮಠದಾಗ ಆಗಲಾರದ್ದು ನಿನ್ನ ಪೆಟ್ಟಿಗ್ಯಾಗ ಆಗೇದ. ಏನವಾ ನೀಲಗಂಗಾ, ಗೆದ್ದಾಕಿ ಮಾರಿ ಹಿಂಗ ಇರ್ತದೇನು?"

"ಸಕ್ಕರಿ ಪರೀಕ್ಷಾನೂ ಆಗಿಬಿಡ್ಲಿ ಸರ್."

ಸಕ್ಕರೆಯ ಪರೀಕ್ಷೆಯೂ ಆಯಿತು. ಗುಂಡಿಗೆ ಸಿಹಿ ಗುಳಿಗೆ ಜೋಡಿಸಿದಾಗ ಅಗುಳಿ ಬಿದ್ದ ಇಲಿಗಳು ಮೊದಲಿನಷ್ಟೇ ಹುರುಪಿನಿಂದ ಒತ್ತಿದವು. ಅಂದರೆ ಅವುಗಳ ಬಯಕೆಗಳೆಲ್ಲ ಸತ್ತಿರಲಿಲ್ಲ, ಬಿಳಿಯ ಹನಿಯ ಬಯಕೆ ಮಾತ್ರ ಇಲ್ಲವಾಗಿತ್ತು. ಕನಿಷ್ಠ ಗಣಕಯಂತ್ರ ಹಾಗೆ ಹೇಳಿತು. ಒತ್ತುವಿಕೆಯ ಗೆರೆ ನೆಲಕ್ಕೆ ತಾಗಿ ಮಲಗಿತ್ತು. ವರದಿಯ ಆ ಅಂಕಣಕ್ಕೆ ತಂಡದವರು ಕೊಟ್ಟ ಹೆಸರು: ಸಾಕು.

* * *

ನೀಲಗಂಗಾಳ ಗಂಡ ಡಾ. ಮಹಾಂತೇಶ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ತಜ್ಞನಾಗಿದ್ದ. ಔಷಧ ಏರಿಸುವ ಮುನ್ನ ಪ್ರತಿ ರೋಗಿಯ ಕಿವಿಯ ಬಳಿ ಬಾಗಿ, "ಹೋಗಿ ಬರ್ರಿ," ಎನ್ನುವುದು ಅವನ ರೂಢಿ. ಊರಿಗೆ ಹೊರಟವರನ್ನು ಬೀಳ್ಕೊಡುವ ಆ ಮಾತಿಗೆ ಹೆದರಿದ ರೋಗಿಯೂ ನಗುತ್ತಿದ್ದ, ನಗುತ್ತಲೇ ನಿದ್ದೆಗೆ ಜಾರುತ್ತಿದ್ದ.

ಅಷ್ಟೊಂದು ಜನರನ್ನು ಕಳಿಸಿಕೊಟ್ಟವನು ಒಂದು ದಿನ ತಾನೇ ಹೋಗಿ ನೋಡಿದ. ದಣಿವಿನ ಒಂದು ಮಧ್ಯಾಹ್ನ, ಉಳಿದ ಹನಿ, ಕೆಲವೇ ನಿಮಿಷಗಳ ನಿದ್ದೆ. ಆಮೇಲೆ ಅದಕ್ಕೆ ದಣಿವಿನ ನೆಪವೂ ಬೇಕಾಗಲಿಲ್ಲ. ಕೊನೆಗೆ ಆಸ್ಪತ್ರೆಯವರು ಬಟ್ಟೆ ಬದಲಿಸುವ ಕೋಣೆಯ ಬಾಗಿಲನ್ನು ಒಡೆಯಬೇಕಾಯಿತು. ಬೆಂಚಿನ ಮೇಲೆ ಮಲಗಿದ್ದವನ ಕಾಲ್ಬೆರಳುಗಳ ನಡುವೆ ಸೂಜಿ ಇತ್ತು. ತುಟಿ ನೀಲಿಗಟ್ಟಿತ್ತು. ಸಹೋದ್ಯೋಗಿಗಳು ಅವನ ಜೀವ ಉಳಿಸಿದರು. ವೈದ್ಯರ ಮಂಡಳಿ ಅವನ ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು. ಒಂದೇ ಮನೆಯಲ್ಲಿದ್ದ ಅವನ ತಾಯಿ ಗೌರವ್ವನಿಗೆ, ಮಗ ಬಿ.ಪಿ. ಇಳಿದು ಬಿದ್ದನೆಂದು ಹೇಳಲಾಯಿತು.

ಅಗುಳಿಯ ಮೊದಲ ಮಾನವ ಪರೀಕ್ಷೆ ಬೇರೆ ಊರಿನ ಆಸ್ಪತ್ರೆಯಲ್ಲಿ, ಬೇರೆ ವೈದ್ಯರ ಕೈಯಲ್ಲಿ ನಡೆಯಿತು. ಅರಿವಳಿಕೆಯ ಅಮಲಿಗೆ ಬಿದ್ದ ಹಲವು ವೈದ್ಯರು ತಾವಾಗಿ ಮುಂದೆ ಬಂದರು. ಮಹಾಂತೇಶ ಅವರಲ್ಲೊಬ್ಬ. ಹೆಂಡತಿಗೆ ಹೇಳಿದ್ದು ಸೂಜಿ ಚುಚ್ಚಿಸಿಕೊಂಡು ಬಂದ ಮೇಲೆ.

"ನನ್ನ ಒಂದ ಮಾತ್ ಕೇಳಬೇಕಿತ್ತು ನೀವು."

"ಕೇಳಿದ್ರ ಬ್ಯಾಡ ಅಂತಿದ್ದಿ."

"ಅಂತಿದ್ದೆ."

"ಅದಕ್ಕ ಕೇಳಲಿಲ್ಲ. ನೀ ದಿನಾ ಇಲಿಗೆ ಕೊಡ್ತಿ. ಅವುಕ್ಕಿಂತ ನಾ ಏನ್ ಕಡಿಮಿ?"

ಪರೀಕ್ಷೆಯ ಫಲ ಇಲಿಗಳಲ್ಲಿ ಕಂಡಂತೆಯೇ ಬಂತು. ಸ್ವಯಂಸೇವಕರಲ್ಲಿ ಯಾರೂ ಔಷಧವನ್ನು ಬೇಡಲಿಲ್ಲ, ಹುಡುಕಲಿಲ್ಲ. ಮಂಡಳಿ ಅವರನ್ನೆಲ್ಲ ಮೇಲ್ವಿಚಾರಣೆಯಲ್ಲಿ ಕೆಲಸಕ್ಕೆ ಮರಳಿ ಕಳಿಸಲು ಒಪ್ಪಿತು. ಮಹಾಂತೇಶನ ಸರದಿ ಮುಂದಿನ ಸೋಮವಾರ. ಆ ಪರವಾನಗಿ ಸಂಪೂರ್ಣವಾಗಿ ನಿಂತಿದ್ದು ಅವನ ಹೆಂಡತಿಯ ಅಣುವಿನ ಮೇಲೆ. ಅಗುಳಿ ಗಟ್ಟಿ ಎಂದಾದರೆ ಅವನು ವೈದ್ಯ, ಇಲ್ಲವಾದರೆ ಇಲ್ಲ.

ಗೌರವ್ವ ಹೋಳಿಗೆ ಮಾಡಿದಳು. ಮಗನ ತಾಟಿಗೆ ಎರಡನೆಯ ಹೋಳಿಗೆ ಹಾಕಿ, ಹಾಲಿನ ತಂಬಿಗೆ ಹಿಡಿದು ಬಂದಳು.

"ಸಾಕವ್ವಾ, ಸಾಕು," ಎಂದು ಮಹಾಂತೇಶ ತಾಟಿನ ಮೇಲೆ ಕೈ ಅಡ್ಡ ಹಿಡಿದ.

ಈ ಸೀಮೆಯಲ್ಲಿ ಬೇಡ ಎಂದವನಿಗೆ ಬಡಿಸುವುದಿಲ್ಲ, ಸಾಕು ಎಂದವನನ್ನು ಬಿಡುವುದಿಲ್ಲ. ಪಂಕ್ತಿಯಲ್ಲಿ ಉಂಡು ಬೆಳೆದವರಿಗೆಲ್ಲ ಇದು ಗೊತ್ತು. ಅಡ್ಡ ಬಂದ ಕೈಯಲ್ಲಿ ಬಡಿಸುವವರು ಮೊದಲು ನೋಡುವುದು ಬೆರಳುಗಳನ್ನು. ಬೆರಳುಗಳು ಕೂಡಿಕೊಂಡಿದ್ದರೆ ಮುಂದಿನ ಎಲೆಗೆ ಸರಿಯುತ್ತಾರೆ. ನಡುವೆ ಸಂದಿ ಇದ್ದರೆ ಆ ಸಂದಿಯಲ್ಲೇ ಬಡಿಸುತ್ತಾರೆ.

ಮಹಾಂತೇಶನ ಬೆರಳುಗಳು ಅಗಲವಾಗಿದ್ದವು.

"ಬಾಯಿ ಸಾಕ ಅಂತೈತಿ, ಬೆರಳ ಹಾಕ ಅಂತಾವು," ಎಂದು ನಗುತ್ತ ಗೌರವ್ವ ತಂಬಿಗೆ ಬಗ್ಗಿಸಿದಳು. ಬಿಳಿಯ ಧಾರೆ ಬೆರಳ ಸಂದಿಯಿಂದ ಹೋಳಿಗೆಯ ಮೇಲೆ ಇಳಿಯಿತು.

ಎದುರಿಗೆ ಕೂತಿದ್ದ ನೀಲಗಂಗಾ ಇದನ್ನು ನೂರಾರು ಸಲ ಕಂಡಿದ್ದವಳು. ಈ ಸಲ ಕೈಗೆತ್ತಿಕೊಂಡ ತುತ್ತು ಬಾಯಿಗೆ ಹೋಗಲಿಲ್ಲ. ಗಂಡ ತಾಟನ್ನು ನೋಡುತ್ತಿರಲಿಲ್ಲ, ಬೀಳುತ್ತಿದ್ದ ಹಾಲನ್ನು ನೋಡುತ್ತಿದ್ದ. ಧಾರೆ ನಿಂತಿತು. ಗೌರವ್ವ ಅಡುಗೆಮನೆಗೆ ಹೋದಳು. ಅವನ ಕೈ ಮಾತ್ರ, ಬೆರಳು ಅಗಲಿಸಿಕೊಂಡು, ತಾಟಿನ ಮೇಲೆ ಹಾಗೆಯೇ ಇತ್ತು.

* * *

"ಕ್ಯಾಮೆರಾದಾಗಿಂದು ಎಲ್ಲಾ ಐತೇನು?" ಎಂದು ಮರುದಿನ ಅವಳು ಅನ್ವರ್‌ನನ್ನು ಕೇಳಿದಳು.

"ಐತ್ರಿ. ಯಾರೂ ನೋಡಿಲ್ಲ. ಬೀಗರು ಸುಮ್ಮ ಕುಂತಿದ್ದನ್ನ ಏನ್ ನೋಡೂದು?"

ಪೆಟ್ಟಿಗೆಗಳ ಮೇಲೆ ಕ್ಯಾಮೆರಾ ಹಗಲಿಡೀ ಓಡುತ್ತಿತ್ತು. ಆದರೆ ಗಣಕಯಂತ್ರ ಗುಂಡಿಯ ಒತ್ತುವಿಕೆಯನ್ನಷ್ಟೇ ಲೆಕ್ಕ ಹಿಡಿಯುತ್ತಿದ್ದುದರಿಂದ, ಒತ್ತುವಿಕೆ ನಿಂತ ಮೇಲೆ ಆ ಚಿತ್ರಗಳನ್ನು ತೆರೆಯುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ನೀಲಗಂಗಾ ತೆರೆದಳು.

ಹಸಿರು ದೀಪ ಹೊತ್ತಿದಾಗಲೆಲ್ಲ ಅಗುಳಿ ಬಿದ್ದ ಇಲಿ ಎದ್ದು ಬಲಗಡೆಯ ಗುಂಡಿಯ ಬಳಿ ಬರುತ್ತಿತ್ತು. ಎಡಗಡೆಯದರ ಬಳಿ ಒಮ್ಮೆಯೂ ಹೋಗುತ್ತಿರಲಿಲ್ಲ. ಬಂದು ಒತ್ತುತ್ತಿರಲಿಲ್ಲ. ಮುಂಗಾಲನ್ನು ಗುಂಡಿಯ ಮುಂದೆ ಎತ್ತಿ ಹಿಡಿದು, ದೀಪ ಆರುವ ತನಕ ಕೂತಿರುತ್ತಿತ್ತು. ಎರಡನೆಯ ಇಲಿಯೂ ಹಾಗೆಯೇ. ಮೂರನೆಯದೂ. ಅವಳು ಉಳಿದವುಗಳನ್ನು ನೋಡುವಾಗ ಮಧ್ಯೆ ಎದ್ದು ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದಳು.

ದೇಶಪಾಂಡೆಯವರು ಪರದೆಯನ್ನು ನೋಡಿ ಕನ್ನಡಕ ತೆಗೆದರು. "ಕೂತಾವ. ಕೂಡೋದು ತಪ್ಪೇನವಾ?"

"ಸಾಕಾದಾಂವ ಎಲಿ ಮುಂದ ಕುಂಡ್ರಂಗಿಲ್ಲ ಸರ್. ಎದ್ದು ಕೈ ತೊಳಕೋತಾನ."

"ಹಂಗಂದ್ರ?"

"ಬಾಗಲಾ ಮುಚ್ಚೇವಿ, ಬಾಗಲಕ್ಕ ಹೋಗೋ ದಾರಿ ಅಳಿಸಿಲ್ಲ. ಅವು ಬ್ಯಾಡ ಅಂತಿಲ್ಲ ಸರ್. ಬಡಸೂದನ್ನ ಕಾಯಾಕತ್ತಾವು. ನಾವು ಸಾಕು ಅಂತ ಬರಕೊಂಡೇವಿ."

ಅವಳು ಕೇಳಿದ್ದು ಸಣ್ಣ ಪ್ರಯೋಗ. ಇಲಿ ಒತ್ತದೆ ಇದ್ದಾಗ, ಕೇಳದೆ ಇದ್ದಾಗ, ಹೊರಗಿನಿಂದ ಒಂದೇ ಹನಿ ಕೊಡುವುದು. ಆಮೇಲೆ ಏನು ಮಾಡುತ್ತದೆಂದು ನೋಡುವುದು.

"ಅಂದ್ರ ಬೀಗರಿಗೆ ಒತ್ತಾಯ ಮಾಡೂದು," ಎಂದ ಅನ್ವರ್.

ದೇಶಪಾಂಡೆಯವರು ಅವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. "ನೋಡವಾ, ಈ ಪ್ರಯೋಗ ಯಾರೂ ಕೇಳಿಲ್ಲ. ಮಂಡಳಿ ಒಪ್ಪೇದ. ಇದು ಕೆಟ್ಟರ ಮೊದಲ ಹೋಗೂದು ನಿನ್ನ ಗಂಡನ ಪರವಾನಗಿ. ವಿಚಾರ ಮಾಡೀಯೇನು?"

"ಮಾಡೇನ್ರಿ."

"ಮತ್ತ? ಅವನಿಗೆ ಕೇಳಲಾರದ ಹನಿ ಯಾರು ಕೊಡ್ತಾರ?"

"ಥಿಯೇಟರ್ ಕೊಡ್ತೈತಿ ಸರ್." ಅವಳ ದನಿ ಏರಲಿಲ್ಲ. "ಔಷಧ ತಗೊಂಡ ಪೇಶಂಟಿನ ಉಸಿರಿನಾಗ ಅದರ ಲೇಶ ಹೊರಗ ಬರ್ತೈತಿ. ಪೇಶಂಟಿನ ಬಾಯಿಗೆ ಎಲ್ಲಾರಿಗಿಂತ ಹತ್ರ ಕುಂಡ್ರಾಂವ ಅರಿವಳಿಕಿ ಡಾಕ್ಟರ್. ನಮ್ಮಂಥವರಿಗೆ ಅದು ಲೆಕ್ಕಕ್ಕಿಲ್ಲ. ದಾರಿ ಅಳಿಸದ ಮಿದುಳಿಗೆ ಅಷ್ಟ ಸಾಕು. ಆ ಕೋಣಿ ದಿನಾ ಬಡಸ್ತೈತಿ."

ದೇಶಪಾಂಡೆಯವರು ಕನ್ನಡಕ ಒರೆಸಿ ಹಾಕಿಕೊಂಡರು. "ನೈತಿಕ ಸಮಿತಿಯವರನ್ನ ನಾ ಒಪ್ಪಸ್ತೀನಿ," ಎಂದರು. "ಆದ್ರ ಸೋಮವಾರಕ್ಕಿಂತ ಮೊದಲ ಆಗೂದಿಲ್ಲ."

ಸೋಮವಾರ ಮುಂಜಾನೆ ಮಹಾಂತೇಶ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ ನೀಲಗಂಗಾ ಅವನಿಗೆ ಎಲ್ಲವನ್ನೂ ಹೇಳಿದಳು: ದೀಪ, ಎತ್ತಿದ ಮುಂಗಾಲು, ಉಸಿರಿನ ಲೇಶ. "ಒಂದ ದಿನ ತಡೀರಿ. ಸಂಜಿಮುಂದ ಗೊತ್ತಾಗ್ತೈತಿ."

"ಇಲಿ ಕುಂತೈತಿ ಅಂತ ನಾನೂ ಕುಂಡ್ರಲೇನು?" ಅವನು ನಕ್ಕ. ನಗುವಿನ ಕೆಳಗೆ ಬೇರೇನೋ ಇತ್ತು. "ಇವತ್ತ ಹೋಗಲಿಲ್ಲಂದ್ರ ಮುಂದ ಹೋಗಾಕ ಬಿಡಂಗಿಲ್ಲ ನೀಲಾ ಅವರು. ನಂಗ ಖರೇನ ಏನೂ ಬೇಕನಸಂಗಿಲ್ಲ. ನನ್ನ ಮ್ಯಾಲ ಬ್ಯಾಡ, ನಿನ್ನ ಅಗುಳಿ ಮ್ಯಾಲ ಆದ್ರೂ ನಂಬಿಗಿ ಇಡು."

ಅವನು ಹೊಸ್ತಿಲಲ್ಲಿ ತಿರುಗಿ, "ಹೋಗಿ ಬರ್ತೇನಿ," ಎಂದ.

* * *

ಅನ್ವರ್ ಪಂಪಿನಿಂದ ಒಂದೇ ಒಂದು ಹನಿ ಬಿಟ್ಟ. ಹಸಿರು ದೀಪ ಹೊತ್ತಿತು.

ಗುಂಡಿಯ ಮುಂದೆ ಕಾಲೆತ್ತಿ ಕೂತಿದ್ದ ಇಲಿ ಒಮ್ಮೆ ಮೈ ಕೊಡವಿತು. ಆಮೇಲೆ ಒತ್ತಿತು.

ಇನ್ನೊಮ್ಮೆ ಒತ್ತಿತು.

ನೀಲಗಂಗಾ ಕಾದದ್ದು ಆ ವಿರಾಮಕ್ಕೆ. ಅಗುಳಿಗೆ ಮೊದಲಿನ ದಿನಗಳಲ್ಲಿ ಪ್ರತಿ ಹನಿಯ ನಂತರ ಇಲಿ ಅರೆಗಣ್ಣಾಗಿ ಒಂದು ಗಳಿಗೆ ನಿಲ್ಲುತ್ತಿತ್ತು. ಸುಖ ತಲುಪಿದ ಗುರುತು ಅದು, ತಲುಪಿದ ಸುಖವೇ ಇಲಿಯನ್ನು ಅಷ್ಟು ಹೊತ್ತು ತಡೆದು ಹಿಡಿಯುತ್ತಿತ್ತು. ಈಗ ಸುಖದ ಬಾಗಿಲಿಗೆ ಅಗುಳಿ ಬಿದ್ದಿತ್ತು. ಏನೂ ತಲುಪುತ್ತಿರಲಿಲ್ಲ, ಆದ್ದರಿಂದ ತಡೆಯುವಂಥದೂ ಏನೂ ಇರಲಿಲ್ಲ. ಇಲಿ ಮತ್ತೆ ಒತ್ತಿತು, ಮತ್ತೆ ಒತ್ತಿತು, ಸಿಗದ್ದನ್ನು ಹುಡುಕುವ ಅವಸರದಲ್ಲಿ.

ಆದರೆ ನಿದ್ದೆಯ ಗ್ರಾಹಿಗಳು ಬೇರೆ, ಉಸಿರನ್ನು ಆಳುವ ಕೇಂದ್ರ ಬೇರೆ. ಅವುಗಳಿಗೆ ಯಾರೂ ಅಗುಳಿ ಹಾಕಿರಲಿಲ್ಲ. ಹನಿಗಳು ಅಲ್ಲಿ ಒಂದರ ಮೇಲೊಂದು ಕೂಡುತ್ತಿದ್ದವು.

"ಮೇಡಂ, ಉಸಿರು!"

ಇಲಿ ತೂರಾಡುತ್ತಿತ್ತು. ಹಿಂಗಾಲು ಮಡಚಿ ಕುಸಿದರೂ ಮುಂಗಾಲು ಗುಂಡಿಯ ಮೇಲೆಯೇ ಇತ್ತು. ಅನ್ವರ್ ಪಂಪನ್ನು ನಿಲ್ಲಿಸಿ ಪೆಟ್ಟಿಗೆ ತೆರೆದ. ಅಂಗೈಯಲ್ಲಿ ಹಿಡಿದು ಎದೆಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದ. ಬಹಳ ಹೊತ್ತಿನ ಮೇಲೆ ತಲೆಯೆತ್ತಿದ. ಆಮೇಲೆ ಆ ಬೀಗರನ್ನು ಬಿಳಿ ಬಟ್ಟೆಯಲ್ಲಿ ಸುತ್ತಿದ.

ನೀಲಗಂಗಾ ಫೋನ್ ಕೈಗೆತ್ತಿಕೊಂಡಿದ್ದಳು. ಅತ್ತ ಕಡೆ ಗಂಟೆ ಬಾರಿಸಿ ಬಾರಿಸಿ ನಿಂತಿತು. ಥಿಯೇಟರಿಗೆ ಹೋಗುವವರು ಫೋನನ್ನು ಕಪಾಟಿನಲ್ಲಿಟ್ಟು ಹೋಗುತ್ತಾರೆ. ಆಸ್ಪತ್ರೆಯ ಸ್ವಾಗತದ ಹುಡುಗಿ, "ಕೇಸ್ ನಡದೈತ್ರಿ, ಈಗ ಒಳಗ ಯಾರನ್ನೂ ಕರೆಯಂಗಿಲ್ಲ," ಎಂದು ಸಂಪರ್ಕ ಕತ್ತರಿಸಿದಳು. ದೇಶಪಾಂಡೆಯವರು ತಮ್ಮ ಕಾರಿನ ಕೀಲಿಯನ್ನು ಮೇಜಿನ ಮೇಲೆ ಇಟ್ಟರು.

ಧಾರವಾಡದಿಂದ ಹುಬ್ಬಳ್ಳಿಗೆ ದಾರಿ ದೂರವಲ್ಲ. ನವಲೂರಿನ ಬಳಿ ಲಾರಿಯೊಂದು ಅಡ್ಡ ನಿಂತಿತ್ತು. ಅವಳು ಹಾರ್ನ್ ಒತ್ತಿದಳು, ಮತ್ತೆ ಒತ್ತಿದಳು, ಮತ್ತೆ ಒತ್ತಿದಳು. ಆಮೇಲೆ ತಾನು ಮಾಡುತ್ತಿರುವುದೇನೆಂದು ತಿಳಿದು ಕೈ ತೆಗೆದಳು.

ಥಿಯೇಟರಿನ ಹೊರಗೆ ಸಿಸ್ಟರ್ ರೂತ್ ನಗುಮುಖದಿಂದ ಎದುರಾದಳು. "ಬರ್ರಿ ಮೇಡಂ! ಕೇಸ್ ಭಾಳ ಚಂದ ಆತ್ರಿ. ಪೇಶಂಟ್‌ಗ ಹೋಗಿ ಬರ್ರಿ ಅಂದ್ರು, ಹಳೇ ಗತಿ. ನಾವೆಲ್ಲಾ ನಕ್ವಿ."

"ಅವರೆಲ್ಲಿ?"

"ಬಟ್ಟಿ ಬದಲಿ ಮಾಡಾಕ ಹ್ವಾದ್ರು. ಅವರ ಮ್ಯಾಲ ನಿಗಾ ಇಟ್ಟಿದ್ದ ದೊಡ್ಡ ಡಾಕ್ಟರು ಪೇಶಂಟ್ ಸಂಗಾಟ ವಾರ್ಡಿಗೆ ಹೋಗ್ಯಾರ."

"ಉಳಿದ ಹಾಲು ಚೆಲ್ಲಿದ್ರೇನು?"

ಉಳಿದ ಔಷಧವನ್ನು ಇಬ್ಬರ ಎದುರಿಗೆ ಚೆಲ್ಲಬೇಕೆಂಬುದು ನಿಯಮ. ರೂತ್‌ಳ ನಗು ಮುಖದ ಮೇಲೆ ಹಾಗೆಯೇ ಉಳಿದು, ಅರ್ಥ ಕಳೆದುಕೊಂಡಿತು. "ನಾನ ಚೆಲ್ತೇನಿ ಅಂದ್ರು, ಡಾಕ್ಟರು. ಅಗುಳಿ ಹಾಕಿಸ್ಕೊಂಡಾರಲ್ರಿ, ಅದಕ್ಕ..."

ನೀಲಗಂಗಾ ಆಗಲೇ ಓಡುತ್ತಿದ್ದಳು.

ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಮುಚ್ಚಿತ್ತು. ಒಮ್ಮೆ ಒಡೆದು ಹೊಸದಾಗಿ ಕೂರಿಸಿದ ಬಾಗಿಲು. ಹೊಸದಕ್ಕೆ ಆಸ್ಪತ್ರೆಯವರು ಒಳಗಿನಿಂದ ಅಗುಳಿ ಇಡಿಸಿರಲಿಲ್ಲ. ಅವಳು ದೂಡಿದೊಡನೆ ತೆರೆಯಿತು.

ಮಹಾಂತೇಶ ಅದೇ ಬೆಂಚಿನ ಮೇಲೆ ಗೋಡೆಗೊರಗಿ ಕೂತಿದ್ದ. ಒಂದು ಕಾಲಿನ ಕಾಲುಚೀಲ ಕೆಳಗೆ ಬಿದ್ದಿತ್ತು. ಸೂಜಿ ಒಳಗಿತ್ತು. ಸಿರಿಂಜಿನಲ್ಲಿ ಬಿಳುಪು ಅರ್ಧಕ್ಕಿಳಿದಿತ್ತು, ಹೆಬ್ಬೆರಳು ಅದರ ಮೇಲಿತ್ತು.

"ಏನೂ ಆಗವಲ್ದು ನೀಲಾ," ಎಂದ. ಮಾತು ನೀರಿನಡಿಯಿಂದ ಬಂದಂತಿತ್ತು. ದನಿಯಲ್ಲಿ ತಪ್ಪಿತಸ್ಥನ ಅಳುಕಿರಲಿಲ್ಲ, ಲೆಕ್ಕ ತಪ್ಪಿದವನ ಗೊಂದಲವಿತ್ತು. "ಹಾಕ್ಕೊಂಡೆ. ಏನೂ ಅನಸ್ಲಿಲ್ಲ. ಕಡಿಮಿ ಬಿತ್ತು ಕಾಣ್ತೈತಿ..."

ಹೆಬ್ಬೆರಳು ಬಾಗಿತು.

ಕಾಲೇಜಿನಲ್ಲಿ ಅವಳು ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಮದುವೆಯಾಗಿ ಗೌರವ್ವನ ಮನೆಗೆ ಬಂದ ದಿನ ಅದನ್ನು ಬಿಟ್ಟಿದ್ದಳು.

"ಮಹಾಂತೇಶ, ಬ್ಯಾಡ."

ಅವನ ರೆಪ್ಪೆ ಮೇಲೇಳಲು ಹೆಣಗಿತು.

"ಇಲಿ ಸತ್ತಿತು," ಎಂದಳು.

"ಯಾವುದು?"

"ಕಾಯ್ಕೋತ ಕುಂತಿದ್ದದ್ದು. ಏನೂ ಆಗವಲ್ದು, ಏನೂ ಆಗವಲ್ದು ಅಂತ ಒತ್ತಿ ಒತ್ತಿ ಸತ್ತಿತು."

ಅವಳು ಅಂಗೈ ಚಾಚಿದಳು. ಅವನು ಸೂಜಿಯನ್ನು ಎಳೆದು ಸಿರಿಂಜನ್ನು ಆ ಅಂಗೈಯಲ್ಲಿಟ್ಟನೋ, ಅದು ಸೋತ ಕೈಯಿಂದ ಜಾರಿ ಬಿತ್ತೋ, ಆಮೇಲೆ ಅವಳಿಗೂ ಖಚಿತವಾಗಿ ಹೇಳಲಾಗಲಿಲ್ಲ. ಅವನ ಗದ್ದ ಎದೆಗೆ ತಾಗಿತು. ಆ ಹೊತ್ತಿಗೆ ರೂತ್ ಆಮ್ಲಜನಕದ ಮುಖವಾಡ ಹಿಡಿದು ಬಾಗಿಲಲ್ಲಿದ್ದಳು. ಇಬ್ಬರೂ ಸೇರಿ ಅವನನ್ನು ಮಲಗಿಸಿದರು. ಉಸಿರು ಒಮ್ಮೆ ನಿಂತಿತು. ರೂತ್ ಚೀಲ ಹಿಚುಕಿ ಗಾಳಿ ಕೊಟ್ಟಳು. ನೀಲಗಂಗಾ ಗಂಡನ ಕಿವಿಯ ಬಳಿ ಬಾಗಿ, ಅವನು ಬೇರೆಯವರಿಗೆ ಹೇಳುತ್ತಿದ್ದ ಮಾತಿನ ಅರ್ಧವನ್ನಷ್ಟೇ ಹೇಳುತ್ತ ಹೋದಳು: "ಬರ್ರಿ. ಬರ್ರಿ."

ಬಂದ.

* * *

"ನೋಡಪಾ," ಎಂದರು ದೇಶಪಾಂಡೆಯವರು, ವಾರ್ಡಿನ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು. "ಆ ಸಿಸ್ಟರ್ ಯಾರಿಗೂ ಹೇಳಿಲ್ಲ. ದೊಡ್ಡ ಡಾಕ್ಟರಿಗೆ ನೀ ತಲಿ ತಿರುಗಿ ಬಿದ್ದಿ ಅಂತಷ್ಟ ಗೊತ್ತದ. ಇಲಿ ಪ್ರಯೋಗ ನಾವು ಹೆಂಗೂ ಬರೀತೀವಿ. ಆದ್ರ ಇಲಿ ಸತ್ತದ್ದಕ್ಕ ಮಂಡಳಿ ಇನ್ನೊಂದಿಷ್ಟು ಪ್ರಯೋಗ ಮಾಡ್ರಿ ಅಂದೀತು, ಒಂದ ದಿನದಾಗ ಯಾರ ಪರವಾನಗೀನೂ ತಗಿಯೂದಿಲ್ಲ. ನಿನ್ನ ಸುದ್ದಿ ಬರದ್ರ ಮಾತ್ರ ಅವತ್ತ ಎಲ್ಲಾ ನಿಲ್ತದ. ಮತ್ತ ನಿನಗ ಆ ಕೋಣಿ ಜೀವಮಾನದಾಗ ಇಲ್ಲ."

ಅವರ ಮಾತಿನಲ್ಲಿ ಆಮಿಷವಿರಲಿಲ್ಲ. ಆಯ್ಕೆಯನ್ನು ಅಳತೆ ಮಾಡಿ ಮುಂದಿಟ್ಟಂತಿತ್ತು. ನೀಲಗಂಗಾ ಕಿಟಕಿಯ ಬಳಿ ನಿಂತಿದ್ದಳು. ಅವಳು ಬರೆಯುವವಳೆಂಬುದು ಮೂವರಿಗೂ ಗೊತ್ತಿತ್ತು. ಯಾರ ಹೆಸರಿನಲ್ಲಿ ಎಂಬುದಷ್ಟೇ ಉಳಿದಿತ್ತು.

"ಅಗುಳಿ ಹಾಕಿಸ್ಕೊಂಡ ಬ್ಯಾರೆದವ್ರು ಕೆಲಸಕ್ಕ ಹೋಗಾಕತ್ತಾರೇನ್ರಿ ಸರ್?" ಎಂದು ಮಹಾಂತೇಶ ಕೇಳಿದ.

"ಕೆಲವರು ಶುರು ಮಾಡ್ಯಾರ. ಉಳದವ್ರು ಈ ವಾರ."

"ಅವರಿಗೂ ಏನೂ ಆಗವಲ್ದು ಅನಸ್ತೈತ್ರಿ." ಅವನು ಹೊದಿಕೆಯ ಅಂಚನ್ನು ಬೆರಳಿನಿಂದ ನೇವರಿಸುತ್ತಿದ್ದ. "ಇಲಿ ಹೆಸರಿನ ಮ್ಯಾಲ ಬರದ್ರ ಅವರು ನಂಬಂಗಿಲ್ಲ. ನಾನೂ ನಂಬಲಿಲ್ಲ. ನನ್ನ ಹೆಸರು ಹಾಕಿ ಬರಿ, ನೀಲಾ."

ಅವಳು ತಿರುಗಿ ನೋಡಿದಳು. "ಪೂರಾ ಹೆಸರೇನು?"

"ಪೂರಾ ಹೆಸರು. ನಿನ್ನ ಇಲಿಗಂತೂ ಹೆಸರಿರಲಿಲ್ಲ."

ವರದಿ ಆ ಸಂಜೆಯೇ ಹೋಯಿತು. ಅಗುಳಿಯ ಪರೀಕ್ಷೆ ನಿಂತಿತು. ಕೆಲಸಕ್ಕೆ ಮರಳಿದ್ದ ವೈದ್ಯರನ್ನು ಒಬ್ಬೊಬ್ಬರನ್ನಾಗಿ ಥಿಯೇಟರುಗಳಿಂದ ಹೊರಗೆ ಕರೆದರು. ಒಬ್ಬಾಕೆಯನ್ನು ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ತಡೆದರು. ಆಕೆಯ ಮುಚ್ಚಿದ ಮುಷ್ಟಿಯಲ್ಲಿ ತುಂಬಿದ ಸಿರಿಂಜಿತ್ತು. ತಾನು ಅದನ್ನು ಯಾವಾಗ ಎತ್ತಿಕೊಂಡೆನೆಂಬುದು ಆಕೆಗೆ ನೆನಪಿರಲಿಲ್ಲ.

ಮಂಡಳಿ ಮಹಾಂತೇಶನ ಪರವಾನಗಿಯಿಂದ ಅರಿವಳಿಕೆಯ ಅಧಿಕಾರವನ್ನು ಶಾಶ್ವತವಾಗಿ ತೆಗೆದುಹಾಕಿತು. ಅವನು ಈಗ ಆಂಬುಲೆನ್ಸಿನ ಸಿಬ್ಬಂದಿಗೆ ಉಸಿರು ನಿಂತವರಿಗೆ ಉಸಿರು ಕೊಡುವುದನ್ನು ಕಲಿಸುತ್ತಾನೆ. ತರಬೇತಿಯ ಕೋಣೆಯಲ್ಲಿ ರಬ್ಬರಿನ ಗೊಂಬೆ ಬಿಟ್ಟು ಬೇರೇನೂ ಇರುವುದಿಲ್ಲ. ಪ್ರಯೋಗಾಲಯದ ಹೊಸ ವರದಿಗಳಲ್ಲಿ ಸಾಕು ಎಂಬ ಅಂಕಣವಿಲ್ಲ. ಆ ಜಾಗದಲ್ಲಿ ಎರಡು ಅಂಕಣಗಳಿವೆ: ಒತ್ತಲಿಲ್ಲ, ಕಾಯಲಿಲ್ಲ. ಎರಡನೆಯದು ಇನ್ನೂ ಖಾಲಿ.

* * *

ಗೌರವ್ವನಿಗೆ ಈ ಸಲ ಬಿ.ಪಿ.ಯ ಕಥೆ ಹೇಳಲಿಲ್ಲ. ಮಗನೇ ಎದುರು ಕೂತು ಎಲ್ಲವನ್ನೂ ಹೇಳಿದ. ಆಕೆ ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡು, "ಅಷ್ಟ ನಿದ್ದಿ ಬೇಕಾಗಿದ್ರ ನನ್ನ ಮುಂದ ಹೇಳಬಾರದಾಗಿತ್ತೇನೋ, ತಲಿ ತಟ್ಟಿ ಮಲಗಸ್ತಿದ್ದೆ," ಎಂದಳು. ಆಮೇಲೆ ಕೆಲವು ದಿನ ಮಾತಾಡಲಿಲ್ಲ.

ಮಾತಾಡಿದ ದಿನ ಹೋಳಿಗೆ ಮಾಡಿದಳು.

ಮೂವರೂ ಊಟಕ್ಕೆ ಕೂತರು. ಎರಡನೆಯ ಹೋಳಿಗೆ ಬಿದ್ದಿತು. ಗೌರವ್ವ ಒಳಗೆ ಹೋಗಿ, ಜೀವಮಾನದ ರೂಢಿಯಂತೆ, ಹಾಲಿನ ತಂಬಿಗೆ ಹಿಡಿದು ಬಂದಳು. ತಾಟಿನ ಮೇಲೆ ಬಾಗಿದ ಮೇಲೆಯೇ ಆಕೆಗೆ ಕೈಯಲ್ಲಿರುವುದೇನೆಂದು ಹೊಳೆದದ್ದು. ಆದರೆ ಬಗ್ಗಿದ ತಂಬಿಗೆ ಬಗ್ಗಿಯೇ ಇತ್ತು.

ಮಹಾಂತೇಶ ಬಲಗೈ ಅಡ್ಡ ಹಿಡಿದ. ನೀಲಗಂಗಾ ಬೆರಳುಗಳನ್ನು ನೋಡಿದಳು. ಅವನೂ ಅವುಗಳನ್ನೇ ನೋಡುತ್ತಿದ್ದ. ಬೆರಳುಗಳು ಅಗಲವಾಗಿದ್ದವು. ಕೂಡಿಸಲು ಪ್ರಯತ್ನಿಸಿದ. ಕೂಡಲಿಲ್ಲ. ತಂಬಿಗೆಯ ಬಾಯಂಚಿಗೆ ಹಾಲು ಬಂದು ನಿಂತಿತು.

ಅವನು ಎಡಗೈಯನ್ನು ತಂದು ಬಲಗೈಯ ಮೇಲಿಟ್ಟ.

"ಊಟದಾಗ ಎಡಗೈ ತರ್ತಾರೇನೋ, ಹುಚ್ಚಾ!" ಎಂದಳು ಗೌರವ್ವ, ತಡೆಯಲಾರದೆ. "ಮಂದಿ ನೋಡಿದ್ರ ಏನಂದಾರು?"

"ಒಂದ ಕೈ ಸಾಲಂಗಿಲ್ಲವ್ವಾ."

ಗೌರವ್ವ ಒಂದರ ಮೇಲೊಂದು ಇದ್ದ ಆ ಎರಡು ಕೈಗಳನ್ನು, ಒಂದರ ಸಂದಿಯನ್ನು ಮುಚ್ಚಿಕೊಂಡಿದ್ದ ಇನ್ನೊಂದರ ಬೆರಳುಗಳನ್ನು, ಬಡಿಸುವವರ ಕಣ್ಣಿನಿಂದ ನೋಡಿದಳು. ಆಮೇಲೆ ತಂಬಿಗೆಯನ್ನು ನೆಟ್ಟಗೆ ಹಿಡಿದಳು.